ತಂದೆ-ತಾಯಿಗೆ ಕಂಪ್ಯೂಟರ್ ಕೊಡಿಸುವ ಮುನ್ನ

ವಯಸ್ಸಾದ ತಂದೆಗೋ ತಾಯಿಗೋ ಕಂಪ್ಯೂಟರ್ ಕೊಡಿಸಲು ಹೊರಟವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಯಾವ ಕಂಪನಿಯದು ಒಳ್ಳೆಯದು, ರ‍್ಯಾಮ್ ಎಷ್ಟಿರಬೇಕು, ಪ್ರೊಸೆಸರ್ ಯಾವುದಿರಬೇಕು ಎಂಬುದನ್ನು. ಈ ವಿವರಗಳಿಗೆ ಬೆಲೆಯಿಲ್ಲವೆಂದಲ್ಲ. ಆದರೆ ಕೊಂಡ ಆರು ತಿಂಗಳಿಗೆ ಆ ಯಂತ್ರ ಬಟ್ಟೆ ಹೊದ್ದುಕೊಂಡು ಮೇಜಿನ ಮೂಲೆ ಸೇರುತ್ತದೆಯೋ, ದಿನವೂ ಬಳಕೆಯಲ್ಲಿರುತ್ತದೆಯೋ ಎಂಬುದನ್ನು ಅವು ತೀರ್ಮಾನಿಸುವುದಿಲ್ಲ. ಕೆಲಸಕ್ಕೆಂದು ಕುಳಿತವರನ್ನು ಯಂತ್ರ ಎಷ್ಟು ಬಾರಿ ತಡೆದು ಏನನ್ನಾದರೂ ಕೇಳುತ್ತದೆ, ಹಾಗೆ ಕೇಳಿದಾಗ ಉತ್ತರ ಹೇಳಿಕೊಡಲು ಹತ್ತಿರದಲ್ಲಿ ಯಾರಿದ್ದಾರೆ ಎಂಬ ಎರಡು ಸಂಗತಿಗಳೇ ಅದನ್ನು ತೀರ್ಮಾನಿಸುತ್ತವೆ. ಸುಲಭವಾದ ಕಂಪ್ಯೂಟರ್ ಎಂದರೆ ಕಡಿಮೆ ಪ್ರಶ್ನೆ ಕೇಳುವ ಕಂಪ್ಯೂಟರ್ ಎಂದು ಇಟ್ಟುಕೊಂಡರೆ ಆಯ್ಕೆ ಬಹಳಷ್ಟು ಹಗುರವಾಗುತ್ತದೆ.

ಹೊಸ ವಿಂಡೋಸ್ ಲ್ಯಾಪ್‌ಟಾಪನ್ನು ಪೆಟ್ಟಿಗೆಯಿಂದ ತೆಗೆದು ಹಾಗೆಯೇ ಕೈಗೆ ಕೊಟ್ಟರೆ ಅದು ಏನೇನು ಕೇಳುತ್ತದೆ ಎಂದು ಗಮನಿಸಿ. ಅಪ್‌ಡೇಟ್ ಈಗಲೇ ಮಾಡಬೇಕೆ, ರಾತ್ರಿ ಮಾಡಬೇಕೆ ಎನ್ನುತ್ತದೆ. ಒನ್‌ಡ್ರೈವ್‌ನ ಇಂಟರ್ನೆಟ್ ಸಂಗ್ರಹದ ಉಚಿತ 5 ಜಿಬಿ ತುಂಬುತ್ತ ಬಂದಿದೆ, ಹೆಚ್ಚಿನ ಜಾಗ ಕೊಳ್ಳುವಿರಾ ಎನ್ನುತ್ತದೆ. ತಯಾರಕರು ಮೊದಲೇ ತುಂಬಿಸಿ ಕಳಿಸಿದ ಆಂಟಿವೈರಸ್ ತನ್ನ ಉಚಿತ ಅವಧಿ ಮುಗಿದೊಡನೆ ಕೆಂಪು ಬಣ್ಣದಲ್ಲಿ ಅಪಾಯದ ಎಚ್ಚರಿಕೆ ತೋರಿಸುತ್ತದೆ. ಪತ್ರಿಕೆಯ ಜಾಲತಾಣ ತೆರೆದರೆ ಕುಕೀಗಳನ್ನು ಒಪ್ಪುವಿರಾ ಎಂಬ ಪಟ್ಟಿ, ಅದನ್ನು ಸರಿಸಿದರೆ ಸುದ್ದಿ ಬಂದಾಗ ತಿಳಿಸಬೇಕೆ ಎಂಬ ಇನ್ನೊಂದು ಪಟ್ಟಿ. ಮೂವತ್ತರ ಹರೆಯದವರು ಇವುಗಳಲ್ಲಿ ಒಂದನ್ನೂ ಓದದೆ ಮುಚ್ಚಿ ಮುಂದೆ ಹೋಗುತ್ತಾರೆ. ಎಪ್ಪತ್ತು ದಾಟಿದವರು ಬ್ಯಾಂಕಿನಿಂದ ಬಂದ ನೋಟಿಸನ್ನು ಓದುವ ಹಾಗೆ ಪ್ರತಿಯೊಂದನ್ನೂ ಪೂರ್ತಿ ಓದುತ್ತಾರೆ, ತಪ್ಪು ಗುಂಡಿ ಒತ್ತಿದರೆ ಏನಾಗಿಬಿಡುತ್ತದೋ ಎಂದು ಅಳುಕುತ್ತಾರೆ, ಕೊನೆಗೆ ಯಂತ್ರವನ್ನೇ ಆರಿಸಿ ಎದ್ದುಹೋಗುತ್ತಾರೆ. ನಲವತ್ತು ವರ್ಷ ಕಚೇರಿಯ ಕಡತ ನಿಭಾಯಿಸಿದವರಿಗೆ, ತೋಟದ ಲೆಕ್ಕವನ್ನೆಲ್ಲ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡವರಿಗೆ ಮೌಸ್ ಹಿಡಿಯುವುದು ದೊಡ್ಡ ವಿದ್ಯೆಯೇನೂ ಅಲ್ಲ. ಅವರನ್ನು ಸೋಲಿಸುವುದು ಈ ಎಡೆಬಿಡದ ವಿಚಾರಣೆ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಅವರ ಜೊತೆ ಕುಳಿತು, ಇದರಲ್ಲಿ ಏನು ಮಾಡಬೇಕೆಂದಿದ್ದೀರಿ ಎಂದು ಕೇಳುವುದು ಒಳ್ಳೆಯದು. ಎಷ್ಟೋ ಕೆಲಸಗಳು ಈಗ ಕಂಪ್ಯೂಟರಿನಿಂದ ಫೋನಿಗೆ ಹೋಗಿಬಿಟ್ಟಿವೆ. ಪಿಂಚಣಿದಾರರು ವರ್ಷಕ್ಕೊಮ್ಮೆ ಕೊಡಬೇಕಾದ ಜೀವಂತ ಪ್ರಮಾಣಪತ್ರವನ್ನೇ ನೋಡಿ. 2014ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ‘ಜೀವನ್ ಪ್ರಮಾಣ್’ ಆರಂಭಿಸಿದಾಗ ಅದಕ್ಕೆ ಬೆರಳಚ್ಚು ಓದುವ ಸಾಧನ ಬೇಕಿತ್ತು. 2021ರಲ್ಲಿ ಮುಖ ಗುರುತಿಸುವ ವಿಧಾನ ಬಂದ ಮೇಲೆ ಆಂಡ್ರಾಯ್ಡ್ ಫೋನಿನ ಕ್ಯಾಮೆರಾ ಇದ್ದರೆ ಸಾಕಾಗುತ್ತದೆ. ಯುಪಿಐ ಪಾವತಿಯಂತೂ ಫೋನಿನದೇ ಕೆಲಸ. ಇಷ್ಟಕ್ಕೇ ಆದರೆ ಕಂಪ್ಯೂಟರಿನ ಗೋಜೇ ಬೇಡ. ಹೆಚ್ಚು ಹೊತ್ತು ಓದುವುದು, ನಾಲ್ಕು ಪುಟಕ್ಕಿಂತ ಉದ್ದದ್ದನ್ನು ಬರೆಯುವುದು, ಮನೆಯ ಖರ್ಚಿನ ಲೆಕ್ಕವನ್ನು ಕೋಷ್ಟಕದಲ್ಲಿ ಇಡುವುದು, ಆದಾಯ ತೆರಿಗೆ ವಿವರ ಸಲ್ಲಿಸುವುದು, ಪಹಣಿ ತೆಗೆದು ಮುದ್ರಿಸುವುದು, ದೂರದಲ್ಲಿರುವ ಮೊಮ್ಮಕ್ಕಳ ಮುಖವನ್ನು ಅಂಗೈಯಗಲದ ಬದಲು ಮಾರಗಲದ ಪರದೆಯ ಮೇಲೆ ನೋಡುವುದು, ಇವುಗಳಿಗೆ ಮಾತ್ರ ಫೋನಿಗಿಂತ ದೊಡ್ಡದೊಂದು ಬೇಕು.

ಇದರ ಜೊತೆಗೇ ವಿಚಾರಿಸಬೇಕಾದದ್ದು ಅವರ ಕೈಗೆ ಈಗಾಗಲೇ ಏನು ಗೊತ್ತಿದೆ ಎಂಬುದನ್ನು. ಕರ್ನಾಟಕದಲ್ಲಿ ಸರ್ಕಾರಿ ಕೆಲಸದಿಂದ ನಿವೃತ್ತರಾದ ಅನೇಕರು ಕನ್ನಡ ಗಣಕ ಪರಿಷತ್ತಿನ ‘ನುಡಿ’ ಎಂಬ ಕನ್ನಡ ಬರೆಯುವ ತಂತ್ರಾಂಶದಲ್ಲಿ ವರ್ಷಗಟ್ಟಲೆ ಬೆರಳಚ್ಚು ಮಾಡಿದವರು. ಅದರ ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಅನುಸರಿಸಿದ್ದು. ಅಲ್ಲಿ ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ, ಒತ್ತಕ್ಷರ ಬೇಕಾದರೆ ಎರಡು ವ್ಯಂಜನಗಳ ನಡುವೆ ಎಫ್. ಈ ಬೆರಳುಗಳಿಗೆ ವಿಂಡೋಸ್‌ನೊಳಗೇ ಬರುವ ಇನ್‌ಸ್ಕ್ರಿಪ್ಟ್ ಕೀಲಿಮಣೆ ಪೂರ್ತಿ ಅಪರಿಚಿತ. 2019ರಲ್ಲಿ ವಿಂಡೋಸ್ 10ಕ್ಕೆ ಸೇರಿಸಿದ ಕನ್ನಡ ಫೊನೆಟಿಕ್ ಕೀಲಿಮಣೆಯೂ ಒತ್ತಕ್ಷರ ಬಂದಲ್ಲೆಲ್ಲ ಎಡವಿಸುತ್ತದೆ. ಅಂಥವರಿಗೆ ನುಡಿ ನಡೆಯುವ ಯಂತ್ರವೇ ಸುಲಭದ ಯಂತ್ರ, ಎಂದರೆ ವಿಂಡೋಸ್. ಅದಕ್ಕಿಂತ ಅಚ್ಚುಕಟ್ಟಾದದ್ದು ಬೇರೆ ಇದೆ ಎಂದು ಮಗನೋ ಮಗಳೋ ವಾದಿಸಿದರೂ ಕಲಿತ ಕೈ ಹೇಳಿದ್ದನ್ನೇ ಕೇಳಬೇಕು. ಎಂದೂ ಕಂಪ್ಯೂಟರ್ ಮುಟ್ಟದ, ಆದರೆ ವಾಟ್ಸ್ಆ್ಯಪ್ ಚೆನ್ನಾಗಿ ಬಲ್ಲ ತಾಯಿಯ ವಿಷಯ ಬೇರೆ. ಅವರಿಗೆ ಮರೆಯಬೇಕಾದ ಹಳೆಯ ಅಭ್ಯಾಸವೇ ಇಲ್ಲ, ಹಾಗಾಗಿ ಯಾವ ದಾರಿ ಹಿಡಿದರೂ ಆದೀತು.

ವ್ಯವಸ್ಥೆಗಳು ಮತ್ತು ಅವು ಕೇಳುವ ಪ್ರಶ್ನೆಗಳು

ವಿಂಡೋಸ್ ಎಲ್ಲಕ್ಕಿಂತ ಹೆಚ್ಚು ಪ್ರಶ್ನೆ ಕೇಳುವ ವ್ಯವಸ್ಥೆ. ಆದರೂ ಅದನ್ನು ತಳ್ಳಿಹಾಕಲಾಗದಿರುವುದಕ್ಕೆ ಕಾರಣವಿದೆ. ಹಳ್ಳಿಯ ಹತ್ತಿರದ ಪೇಟೆಯಲ್ಲಿ ಒಂದೇ ಒಂದು ಕಂಪ್ಯೂಟರ್ ಅಂಗಡಿ ಇದ್ದರೂ ಅಲ್ಲಿನ ಹುಡುಗನಿಗೆ ವಿಂಡೋಸ್ ಗೊತ್ತಿರುತ್ತದೆ. ಹಳೆಯ ಪ್ರಿಂಟರು, ಬೆರಳಚ್ಚು ಸಾಧನ, ಡಿಜಿಟಲ್ ಸಹಿಯ ಟೋಕನ್ ಎಲ್ಲವೂ ಅದಕ್ಕೆ ಒಗ್ಗಿರುತ್ತವೆ. ಕೊಳ್ಳುವಾಗ ಎಚ್ಚರ ವಹಿಸಬೇಕಾದದ್ದು ಹಳೆಯ ಯಂತ್ರಗಳ ಬಗ್ಗೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ನಿಯಮದ ಪ್ರಕಾರ ನಡೆಯಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಬಹುಮಟ್ಟಿಗೆ ಎಂಟನೆಯ ಪೀಳಿಗೆಯದೋ ನಂತರದ್ದೋ ಆಗಿರಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಕಚೇರಿಗಳಿಂದ ಬಂದ ಸೆಕೆಂಡ್ ಹ್ಯಾಂಡ್ ಯಂತ್ರಗಳು ಅಗ್ಗಕ್ಕೆ ಸಿಗುತ್ತವೆ ಮತ್ತು ಅವುಗಳಲ್ಲಿ ಒಳ್ಳೆಯವೂ ಇರುತ್ತವೆ; ಆದರೆ ಆರನೆಯ, ಏಳನೆಯ ಪೀಳಿಗೆಯ ಯಂತ್ರಕ್ಕೆ ಹೇಗೋ ವಿಂಡೋಸ್ 11 ಹಾಕಿಕೊಟ್ಟಿದ್ದರೆ ಅದು ನಾಳೆ ಯಾವ ಅಪ್‌ಡೇಟ್‌ಗೆ ಮುನಿಸಿಕೊಳ್ಳುತ್ತದೆ ಎಂದು ಹೇಳಲು ಬರುವುದಿಲ್ಲ. ಪರವಾನಗಿಯಿಲ್ಲದ ವಿಂಡೋಸ್ ಹಾಕಿಸಿ ಉಳಿಸಿದ ಹಣವಂತೂ ಪರದೆಯ ಮೂಲೆಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಎಚ್ಚರಿಕೆಯಾಗಿ ವಾಪಸು ಬರುತ್ತದೆ.

ಗೂಗಲ್‌ನ ಕ್ರೋಮ್‌ಓಎಸ್ ವ್ಯವಸ್ಥೆಯಲ್ಲಿ ನಡೆಯುವ ಲ್ಯಾಪ್‌ಟಾಪ್, ಅಂದರೆ ಕ್ರೋಮ್‌ಬುಕ್, ಬಹಳ ಕಡಿಮೆ ಕೇಳುತ್ತದೆ. ಅಪ್‌ಡೇಟ್ ಹಿನ್ನೆಲೆಯಲ್ಲಿ ಇಳಿದು ಮುಂದಿನ ಸಲ ಯಂತ್ರ ಹೊತ್ತಿಸಿದಾಗ ತಾನಾಗಿಯೇ ಜಾರಿಗೆ ಬರುತ್ತದೆ. ಆಂಟಿವೈರಸ್ ಬೇಕಿಲ್ಲ, ಡೌನ್‌ಲೋಡ್ ಆದ ವಿಂಡೋಸ್ ವೈರಸ್ ಕಡತ ಅಲ್ಲಿ ತೆರೆಯುವುದೇ ಇಲ್ಲ, ಏನಾದರೂ ತೀರಾ ಕೆಟ್ಟರೆ ಎಲ್ಲ ಅಳಿಸಿ ಮೊದಲಿನ ಸ್ಥಿತಿಗೆ ತರುವುದು ಕೆಲವೇ ನಿಮಿಷದ ಕೆಲಸ. ಗೂಗಲ್ 2023ರಲ್ಲಿ ಇವುಗಳಿಗೆ ಹತ್ತು ವರ್ಷದ ಅಪ್‌ಡೇಟ್ ಕೊಡುವುದಾಗಿ ಘೋಷಿಸಿತು. ಇಲ್ಲಿ ಒಂದು ಸೂಕ್ಷ್ಮವಿದೆ: ಹತ್ತು ವರ್ಷವನ್ನು ಎಣಿಸುವುದು ನೀವು ಕೊಂಡ ದಿನದಿಂದ ಅಲ್ಲ, ಆ ಮಾದರಿಯ ಮೂಲ ವೇದಿಕೆ (ಒಳಗಿನ ಯಂತ್ರಾಂಶದ ವಿನ್ಯಾಸ) ಮಾರುಕಟ್ಟೆಗೆ ಬಂದ ದಿನದಿಂದ. ಭಾರಿ ರಿಯಾಯಿತಿಯಲ್ಲಿ ಸಿಕ್ಕಿದ್ದಕ್ಕೆ ಆರೇಳು ವರ್ಷವಷ್ಟೇ ಉಳಿದಿರಬಹುದು. ಯಂತ್ರದ ಸೆಟ್ಟಿಂಗ್ಸ್‌ನಲ್ಲಿ ಆ ಕೊನೆಯ ತಿಂಗಳು ಸ್ಪಷ್ಟವಾಗಿ ಬರೆದಿರುತ್ತದೆ, ಕೊಳ್ಳುವ ಮೊದಲೂ ಗೂಗಲ್‌ನ ಪಟ್ಟಿಯಲ್ಲಿ ನೋಡಬಹುದು. ಕ್ರೋಮ್‌ಬುಕ್‌ನಲ್ಲಿ ಕನ್ನಡ ಫೊನೆಟಿಕ್ ಕೀಲಿಮಣೆ ಇದೆ, ಗೂಗಲ್ ಡಾಕ್ಸ್‌ನಲ್ಲಿ ಕನ್ನಡದಲ್ಲಿ ಮಾತಾಡಿದ್ದನ್ನು ಅಕ್ಷರಕ್ಕಿಳಿಸುವ ಸೌಲಭ್ಯವೂ ಇದೆ. ನುಡಿ ತಂತ್ರಾಂಶ ಮಾತ್ರ ನಡೆಯುವುದಿಲ್ಲ. ಇಂಟರ್ನೆಟ್ ಇಲ್ಲದಾಗ ಅದರ ಉಪಯೋಗ ಅರ್ಧಕ್ಕಿಳಿಯುತ್ತದೆ. ಮಳೆಗಾಲದಲ್ಲಿ ಎರಡೆರಡು ದಿನ ಸಂಪರ್ಕ ಕಡಿಯುವ ಮಲೆನಾಡಿನ ಮನೆಗೆ ಇದು ಸಣ್ಣ ಕೊರತೆಯಲ್ಲ.

ಟ್ಯಾಬ್ಲೆಟ್ಟುಗಳಲ್ಲಿ ಐಪ್ಯಾಡ್ ಬೇರೆಯವುಗಳಿಗಿಂತ ಹೆಚ್ಚು ವರ್ಷ ಅಪ್‌ಡೇಟ್ ಪಡೆಯುತ್ತದೆ, ಅದರಲ್ಲಿ ಕನ್ನಡ ಕೀಲಿಮಣೆಯೂ ಇದೆ. 2023ರಲ್ಲಿ ಬಂದ ‘ಅಸಿಸ್ಟಿವ್ ಆ್ಯಕ್ಸೆಸ್’ ಎಂಬ ವ್ಯವಸ್ಥೆಯಲ್ಲಿ ಮನೆಯವರು ಆರಿಸಿದ ಕೆಲವೇ ಆ್ಯಪ್‌ಗಳು ದೊಡ್ಡ ಚೌಕಗಳಾಗಿ ಕಾಣುತ್ತವೆ, ಉಳಿದೆಲ್ಲ ಮರೆಯಾಗುತ್ತವೆ. ಆಂಡ್ರಾಯ್ಡ್ ಟ್ಯಾಬ್ಲೆಟ್ ಫೋನಿನಂತೆಯೇ ಇರುವುದರಿಂದ ಕಲಿಯುವುದೇನೂ ಇರುವುದಿಲ್ಲ, ಆದರೆ ತೀರಾ ಅಗ್ಗದವು ಬೇಗ ನಿಧಾನವಾಗುತ್ತವೆ. ಬೆರಳಿನಿಂದ ಮುಟ್ಟುವ ಪರದೆ ಎಲ್ಲ ಹಿರಿಯರಿಗೂ ಸುಲಭ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ವಯಸ್ಸಾದಂತೆ ಬೆರಳ ತುದಿ ಒಣಗುತ್ತದೆ, ಒಣಗಿದ ಬೆರಳನ್ನು ಗಾಜು ಕೆಲವೊಮ್ಮೆ ಗುರುತಿಸುವುದೇ ಇಲ್ಲ. ಗುರುತಿಸಲಿಲ್ಲವೆಂದು ಒತ್ತಿ ಹಿಡಿದರೆ ಅದು ಬೇರೆಯದೇ ಆಜ್ಞೆಯಾಗಿ, ಆ್ಯಪ್‌ನ ಚಿತ್ರ ಜಾಗ ಬದಲಿಸಿಕೊಂಡು ಕೂರುತ್ತದೆ. ಕೈ ನಡುಗುವವರಿಗೆ ಮೇಜಿನ ಮೇಲೆ ಊರಿ ಹಿಡಿಯುವ ಮೌಸೇ ವಾಸಿ.

ಮ್ಯಾಕ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸಹಾಯ ಮಾಡುವ ಮಗಳು ದಿನವೂ ಮ್ಯಾಕ್ ಬಳಸುವವಳಾದರೆ, ದುಡ್ಡಿನ ಚಿಂತೆಯಿಲ್ಲದಿದ್ದರೆ ಅದು ಒಳ್ಳೆಯ ಆಯ್ಕೆ. ಆದರೆ ವಿಂಡೋಸ್‌ಗೆ ಒಗ್ಗಿದ ತಂದೆಗೆ ಮುಚ್ಚುವ ಗುಂಡಿ ಬಲಗಡೆಯ ಬದಲು ಎಡಗಡೆ ಇರುವುದು, ಕಿಟಕಿ ಮುಚ್ಚಿದರೂ ತಂತ್ರಾಂಶ ಹಿಂದೆ ನಡೆಯುತ್ತಲೇ ಇರುವುದು ಬಹಳ ದಿನ ಕಾಡುತ್ತದೆ. ಲಿನಕ್ಸ್ ಮಿಂಟ್ ಸಹ ಶಾಂತ ಸ್ವಭಾವದ ವ್ಯವಸ್ಥೆ, ಹಳೆಯ ಯಂತ್ರದಲ್ಲೂ ಚುರುಕಾಗಿ ನಡೆಯುತ್ತದೆ. ಮನೆಯ ಲಿನಕ್ಸ್ ಪಂಡಿತರು ಊರಲ್ಲಿಲ್ಲದಾಗ ಅದು ಕೆಟ್ಟಿತೆಂದು ಪಕ್ಕದ ಅಂಗಡಿಗೆ ಕೊಟ್ಟರೆ, ಸಂಜೆಯೊಳಗೆ ಅದು ಫಾರ್ಮ್ಯಾಟ್ ಆಗಿ ವಿಂಡೋಸ್ ಹೊತ್ತುಕೊಂಡು ಮನೆಗೆ ಬರುವ ಸಂಭವ ಹೆಚ್ಚು.

ಹಾಗಾದರೆ ಹಿರಿಯರಿಗೆಂದೇ ಮಾಡಿದ ಕಂಪ್ಯೂಟರ್ ಇಲ್ಲವೇ? ಅಂಥ ಪ್ರಯತ್ನಗಳು ನಡೆದಿವೆ. 2009ರ ಕೊನೆಯಲ್ಲಿ ಬ್ರಿಟನ್ನಿನಲ್ಲಿ ‘ಸಿಂಪ್ಲಿಸಿಟಿ’ ಎಂಬ ಹೆಸರಿನ ಯಂತ್ರ ಮಾರಾಟಕ್ಕೆ ಬಂತು. ಲಿನಕ್ಸ್ ಆಧಾರದ ಅದನ್ನು ಹೊತ್ತಿಸಿದರೆ ಮಿಂಚಂಚೆ, ಹರಟೆ ಮುಂತಾದ ಕೆಲಸಗಳಿಗೆ ಕರೆದೊಯ್ಯುವ ಆರು ದೊಡ್ಡ ಗುಂಡಿಗಳಷ್ಟೇ ಪರದೆಯ ಮೇಲೆ ಕಾಣುತ್ತಿದ್ದವು. ಕಲ್ಪನೆ ಚೆನ್ನಾಗಿಯೇ ಇತ್ತು. ಇಂಥವುಗಳ ತೊಡಕೆಂದರೆ ಆ ಆರರಾಚೆ ಏಳನೆಯದು ಬೇಕಾದ ದಿನ ದಾರಿ ಗೊತ್ತಿರುವವರು ಯಾರೂ ಸಿಗುವುದಿಲ್ಲ. ನೆರೆಮನೆಯವರಿಗೂ ಗೊತ್ತಿಲ್ಲ, ಅಂಗಡಿಯವರಿಗೂ ಗೊತ್ತಿಲ್ಲ, ಫೋನಿನಲ್ಲಿ ಹೇಳಿಕೊಡುವ ಮಗನೂ ಅಂಥ ಪರದೆಯನ್ನು ಕಂಡಿಲ್ಲ. ನನ್ನ ಮಟ್ಟಿಗೆ ಇದು ಎಲ್ಲ ತಾಂತ್ರಿಕ ಗುಣಗಳಿಗಿಂತ ಮೇಲಿನ ಮಾತು: ಸಹಾಯ ಮಾಡುವವರು ಯಾವ ವ್ಯವಸ್ಥೆಯನ್ನು ಕಣ್ಣುಮುಚ್ಚಿ ಬಳಸಬಲ್ಲರೋ ಅದನ್ನೇ ಹಿರಿಯರಿಗೂ ಕೊಡಿಸಬೇಕು. ‘ಕೆಳಗೆ ಎಡಗಡೆ ಏನು ಕಾಣುತ್ತಿದೆ ಹೇಳಿ ಅಮ್ಮ’ ಎಂದು ಫೋನಿನಲ್ಲಿ ಕೇಳುವವರ ಕಣ್ಣಮುಂದೆಯೂ ಅದೇ ಪರದೆ ಇದ್ದರೆ ಐದು ನಿಮಿಷದಲ್ಲಿ ಮುಗಿಯುವ ಕೆಲಸ, ಇಲ್ಲದಿದ್ದರೆ ಜಗಳದಲ್ಲಿ ಮುಗಿಯುತ್ತದೆ. ಅದೂ ಮಕ್ಕಳು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿದ್ದರೆ ಕಾಲದ ಅಂತರ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ. ಅಂಥ ಮನೆಗಳಲ್ಲಿ ಪಕ್ಕದ ಬೀದಿಯ ಕಾಲೇಜು ಹುಡುಗಿಗೆ ಏನು ಗೊತ್ತಿದೆ ಎಂಬುದೇ ಹೆಚ್ಚು ಮುಖ್ಯವಾಗುತ್ತದೆ.

ಕಣ್ಣು, ಕೈ, ಕರೆಂಟು

ಯಂತ್ರದ ಭಾಗಗಳಲ್ಲಿ ಮೊದಲು ಹಣ ಹಾಕಬೇಕಾದದ್ದು ಪರದೆಗೆ. ಅಂಗಡಿಯವರು ರೆಸಲ್ಯೂಷನ್, ಅಂದರೆ ಪರದೆಯ ಚುಕ್ಕೆಗಳ ಸಂಖ್ಯೆ, ಹೆಚ್ಚಿದ್ದಷ್ಟೂ ಒಳ್ಳೆಯದೆಂದು ಹೇಳುತ್ತಾರೆ, ಆದರೆ ಚಾಳೀಸು ಬಂದ ಕಣ್ಣಿಗೆ ಬೇಕಾದದ್ದು ಅಕ್ಷರದ ನಿಜವಾದ ಗಾತ್ರ. 14 ಇಂಚಿನ ಲ್ಯಾಪ್‌ಟಾಪ್ ಪರದೆಯಲ್ಲೂ 24 ಇಂಚಿನ ಮಾನಿಟರಿನಲ್ಲೂ 1920×1080 ಚುಕ್ಕೆಗಳೇ ಇದ್ದು ಸ್ಕೇಲಿಂಗ್ (ಪರದೆಯಲ್ಲಿ ಕಾಣುವುದನ್ನೆಲ್ಲ ಹಿಗ್ಗಿಸುವ ಪ್ರಮಾಣ) ಒಂದೇ ಆಗಿದ್ದರೆ, ದೊಡ್ಡದರಲ್ಲಿ ಅಕ್ಷರ ಸುಮಾರು 1.7 ಪಟ್ಟು ದೊಡ್ಡದಾಗಿ ಕಾಣುತ್ತದೆ. ಚಿಕ್ಕ ಪರದೆಯಲ್ಲೂ ಸ್ಕೇಲಿಂಗ್ ಏರಿಸಿ ಅಕ್ಷರ ದೊಡ್ಡದು ಮಾಡಬಹುದಲ್ಲ ಎಂದರೆ, ಮಾಡಬಹುದು. ಆದರೆ 14 ಇಂಚಿನಲ್ಲಿ ಅದನ್ನು ಶೇಕಡಾ 175ಕ್ಕೋ 200ಕ್ಕೋ ಏರಿಸಿದಾಗ ಜಾಗ ಸಾಲದೆ ಕೆಲವು ಕಿಟಕಿಗಳ ತಳದಲ್ಲಿರುವ ಒಪ್ಪಿಗೆಯ ಗುಂಡಿ ಪರದೆಯಿಂದ ಕೆಳಗೆ ಇಳಿದು ಕಾಣದಾಗುತ್ತದೆ, ಎಲ್ಲಿ ಒತ್ತಬೇಕೆಂದು ತಿಳಿಯದೆ ಅವರು ಅಲ್ಲೇ ನಿಲ್ಲುತ್ತಾರೆ. ಕನ್ನಡ ಓದುವವರಿಗೆ ಇದು ಇನ್ನೂ ಮುಖ್ಯ, ಏಕೆಂದರೆ ಇಂಗ್ಲಿಷ್ ಆರಾಮವಾಗಿ ಓದಲು ಬರುವ ಗಾತ್ರದಲ್ಲಿ ಕನ್ನಡದ ಒತ್ತುಗಳು ಒಂದಕ್ಕೊಂದು ಅಂಟಿದಂತೆ ಕಾಣುತ್ತವೆ. ವಿಂಡೋಸ್ 11ರಲ್ಲಿ ಸ್ಕೇಲಿಂಗ್ ಮುಟ್ಟದೆ ಅಕ್ಷರದ ಗಾತ್ರವೊಂದನ್ನೇ ಶೇಕಡಾ 225ರವರೆಗೆ ಹಿಗ್ಗಿಸುವ ಸೌಲಭ್ಯ ಬೇರೆಯಾಗಿದೆ. ಬ್ರೌಸರಿನಲ್ಲಿ ಪುಟದ ಜೂಮನ್ನು ಶೇಕಡಾ 125ಕ್ಕೆ ಶಾಶ್ವತವಾಗಿ ಇಟ್ಟುಬಿಡಬಹುದು. ಕನ್ನಡಿಯಂತೆ ಹೊಳೆಯುವ ಪರದೆಗಿಂತ ಹೊಳಪಿಲ್ಲದ ಮ್ಯಾಟ್ ಪರದೆ ಒಳ್ಳೆಯದು, ಅದರಲ್ಲೂ ಪೊರೆ ಬರುತ್ತಿರುವ ಕಣ್ಣಿಗೆ.

ಪರದೆ ಎಷ್ಟು ಎತ್ತರದಲ್ಲಿರಬೇಕು ಎಂಬುದನ್ನು ಯಾರೂ ಯೋಚಿಸುವುದಿಲ್ಲ. ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಕನ್ನಡಕ ಹಾಕುವವರು ಹತ್ತಿರದ್ದನ್ನು ಗಾಜಿನ ಕೆಳಭಾಗದಿಂದ ನೋಡುತ್ತಾರೆ. ಮಾನಿಟರ್ ಕಣ್ಣಿನ ಮಟ್ಟಕ್ಕಿದ್ದರೆ ಅವರು ಗದ್ದವೆತ್ತಿ, ತಲೆ ಹಿಂದಕ್ಕೆ ಬಾಗಿಸಿ ಓದಬೇಕಾಗುತ್ತದೆ, ಅರ್ಧ ಗಂಟೆಯಲ್ಲಿ ಕತ್ತು ಹಿಡಿಯುತ್ತದೆ, ಕಂಪ್ಯೂಟರಿನಿಂದ ಮೈಗಾಗುವುದಿಲ್ಲ ಎಂಬ ತೀರ್ಮಾನಕ್ಕೆ ಬರುತ್ತಾರೆ. ಅಂಥವರಿಗೆ ಮಾನಿಟರನ್ನು ಸಾಧ್ಯವಾದಷ್ಟು ತಗ್ಗಿಸಿ, ಸ್ವಲ್ಪ ಹಿಂದಕ್ಕೆ ವಾಲಿಸಿ ಇಡಬೇಕು. ಇಲ್ಲವೇ ಕಂಪ್ಯೂಟರಿನ ದೂರಕ್ಕೆಂದೇ ಬೇರೊಂದು ಕನ್ನಡಕ ಮಾಡಿಸಬೇಕು. ಕಣ್ಣಿನ ವೈದ್ಯರಿಗೆ ಪರದೆ ಎಷ್ಟು ದೂರದಲ್ಲಿರುತ್ತದೆ ಎಂದು ಅಳೆದು ಹೇಳಿದರೆ ಅವರು ಅದಕ್ಕೆ ತಕ್ಕ ನಂಬರು ಬರೆದುಕೊಡುತ್ತಾರೆ.

ಲ್ಯಾಪ್‌ಟಾಪೋ ಡೆಸ್ಕ್‌ಟಾಪೋ ಎಂಬ ಪ್ರಶ್ನೆಗೆ ನಮ್ಮ ಊರುಗಳಲ್ಲಿ ಕರೆಂಟು ಅರ್ಧ ಉತ್ತರ ಕೊಡುತ್ತದೆ. ಡೆಸ್ಕ್‌ಟಾಪ್‌ಗೆ ಯುಪಿಎಸ್ ಬೇಕೇ ಬೇಕು, ಮತ್ತು ಅದರ ಬ್ಯಾಟರಿ ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು. ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ ಎಂದರೆ, ಸಾಮಾನ್ಯ ಇನ್ವರ್ಟರ್ ಬ್ಯಾಟರಿಗೆ ಹೊರಳುವಾಗಿನ ಕ್ಷಣಾರ್ಧದ ತಡ ಫ್ಯಾನಿಗೆ ಗೊತ್ತಾಗುವುದಿಲ್ಲ, ಕಂಪ್ಯೂಟರ್ ಮಾತ್ರ ಆರಿಹೋಗಬಹುದು. ಕೆಲವು ಇನ್ವರ್ಟರ್‌ಗಳ ಹಿಂಬದಿಯಲ್ಲಿ ಈ ತಡವನ್ನು ಕಡಿಮೆ ಮಾಡುವ ಯುಪಿಎಸ್ ಮೋಡ್ ಎಂಬ ಸ್ವಿಚ್ಚಿರುತ್ತದೆ, ಅದನ್ನು ನೋಡಿಟ್ಟುಕೊಳ್ಳಬೇಕು. ಲ್ಯಾಪ್‌ಟಾಪ್ ಕೊಂಡು, ಅದಕ್ಕೆ 22 ಅಥವಾ 24 ಇಂಚಿನ ಮಾನಿಟರ್, ತಂತಿಯಿರುವ ಮೌಸ್, ಪೂರ್ಣಗಾತ್ರದ ಕೀಬೋರ್ಡ್ ಜೋಡಿಸಿಡುವುದು ನಾನು ಹೆಚ್ಚಾಗಿ ಶಿಫಾರಸು ಮಾಡುವ ವ್ಯವಸ್ಥೆ. ಕರೆಂಟು ಹೋದರೆ ಬರೆಯುತ್ತಿದ್ದ ಪತ್ರ ಉಳಿಯುತ್ತದೆ, ಗುಡುಗು ಶುರುವಾದಾಗ ಪ್ಲಗ್ ಕಿತ್ತಿಡುವ ಮನೆಯಲ್ಲೂ ಕೆಲಸ ನಿಲ್ಲುವುದಿಲ್ಲ, ರಿಪೇರಿಗೆ ಒಯ್ಯುವುದೂ ಸುಲಭ. ತಂತಿಯಿಲ್ಲದ ಮೌಸ್ ಬೇಡವೆನ್ನುವುದಕ್ಕೆ ಕಾರಣ ಸರಳ: ಅದರ ಸೆಲ್ ಮುಗಿದ ದಿನ ಹಿರಿಯರ ದೃಷ್ಟಿಯಲ್ಲಿ ಕೆಟ್ಟದ್ದು ಕಂಪ್ಯೂಟರೇ. ಉಳಿದಂತೆ 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಇದ್ದರೆ ಈ ಕೆಲಸಗಳಿಗೆ ಸಾಕು. ತಿರುಗುವ ಹಾರ್ಡ್ ಡಿಸ್ಕಿನ ಮೇಲೆ ವಿಂಡೋಸ್ ಇರುವ ಯಂತ್ರ ಎಷ್ಟೇ ಅಗ್ಗವಾದರೂ ಬೇಡ.

ಕೈಗೆ ಕೊಡುವ ಮೊದಲು ಬಾಯಿ ಮುಚ್ಚಿಸುವುದು

ಯಾವ ಯಂತ್ರ ಕೊಂಡರೂ ಅರ್ಧ ದಿನ ಕುಳಿತು ಅದನ್ನು ಮೌನವಾಗಿಸಿದ ಮೇಲೆಯೇ ಮನೆಗೆ ತರಬೇಕು. ವಿಂಡೋಸ್ ಆದರೆ ತಯಾರಕರು ತುಂಬಿಸಿದ ಆಂಟಿವೈರಸನ್ನು ತೆಗೆದುಹಾಕಿ ವಿಂಡೋಸ್‌ನೊಳಗೇ ಇರುವ ಡಿಫೆಂಡರನ್ನು ಬಿಟ್ಟರೆ ಸಾಕು. ಒನ್‌ಡ್ರೈವ್ ಬೇಡವಾದರೆ ಸಂಪರ್ಕ ತಪ್ಪಿಸಬೇಕು, ಅರೆಬರೆ ಬಿಟ್ಟರೆ ಅದೇ ದೊಡ್ಡ ಕಾಟ. ಹಿರಿಯರು ಬಳಸುವ ಖಾತೆ ಅಡ್ಮಿನಿಸ್ಟ್ರೇಟರ್ ಆಗಿರದೆ ಸಾಮಾನ್ಯ ಖಾತೆಯಾಗಿರಬೇಕು, ಅಡ್ಮಿನ್ ಪಾಸ್‌ವರ್ಡ್ ಮಕ್ಕಳ ಬಳಿ ಇರಬೇಕು. ಆಗ ಗೊತ್ತಿಲ್ಲದೆ ಇಳಿದ ಬಹಳಷ್ಟು ತಂತ್ರಾಂಶ ಬಾಗಿಲಲ್ಲೇ ನಿಲ್ಲುತ್ತದೆ. ಎರಡು ಸಲ ಬೇಗ ಬೇಗ ಕ್ಲಿಕ್ ಮಾಡುವುದು ಎಷ್ಟೋ ಕೈಗಳಿಗೆ ಕಷ್ಟ, ನಡುವೆ ಮೌಸ್ ಸರಿದು ಫೋಲ್ಡರ್ ಬೇರೆಡೆ ಹೋಗಿ ಬೀಳುತ್ತದೆ. ಫೈಲ್ ಎಕ್ಸ್‌ಪ್ಲೋರರಿನ ಆಯ್ಕೆಗಳಲ್ಲಿ ಒಂದೇ ಕ್ಲಿಕ್‌ಗೆ ತೆರೆಯುವಂತೆ ಬದಲಿಸಬಹುದು ಎಂಬುದು ಕಂಪ್ಯೂಟರ್ ಬಲ್ಲವರಲ್ಲೂ ಹಲವರಿಗೆ ತಿಳಿದಿಲ್ಲ.

ಬ್ರೌಸರಿನಲ್ಲಿ ತಪ್ಪದೆ ಬದಲಿಸಬೇಕಾದದ್ದು ನೋಟಿಫಿಕೇಶನ್. ಹಿರಿಯರ ಕಂಪ್ಯೂಟರಿಗೆ ‘ವೈರಸ್ ಬಂದಿದೆ’ ಎಂದು ಕರೆ ಬಂದಾಗ ಹೋಗಿ ನೋಡಿದರೆ ಅನೇಕ ಸಲ ಸಿಗುವುದು ವೈರಸ್ಸಲ್ಲ. ಯಾವುದೋ ರಾಶಿಭವಿಷ್ಯದ ತಾಣವೋ ಹಳೆಯ ಹಾಡಿನ ತಾಣವೋ, ನೀವು ರೋಬೋಟ್ ಅಲ್ಲವೆಂದು ಸಾಬೀತುಪಡಿಸಲು ‘ಅಲೋ’ ಒತ್ತಿ ಎಂದಿರುತ್ತದೆ, ಇವರು ಒತ್ತಿರುತ್ತಾರೆ. ಹಾಗೆ ಒತ್ತಿದ್ದು ನೋಟಿಫಿಕೇಶನ್ ಕಳಿಸಲು ಕೊಟ್ಟ ಅನುಮತಿ. ಅಂದಿನಿಂದ ಪರದೆಯ ಬಲತುದಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಕೆಂಪು ಚಿಹ್ನೆಯೊಡನೆ ಎಚ್ಚರಿಕೆ ಏಳುತ್ತದೆ, ಒತ್ತಿದರೆ ಹಣ ಕೇಳುವ ಪುಟಕ್ಕೆ ಒಯ್ಯುತ್ತದೆ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ವಿಭಾಗದ ಸೈಟ್ ಸೆಟ್ಟಿಂಗ್ಸ್‌ಗೆ ಹೋಗಿ, ಯಾವ ತಾಣವೂ ನೋಟಿಫಿಕೇಶನ್ ಕೇಳಕೂಡದೆಂದು ಒಮ್ಮೆ ಇಟ್ಟುಬಿಟ್ಟರೆ ಈ ಪ್ರಶ್ನೆ ಮುಂದೆ ಬರುವುದೇ ಇಲ್ಲ. ಜಾಹೀರಾತು ತಡೆಯುವ ವಿಸ್ತರಣೆಯೊಂದನ್ನು (ಎಕ್ಸ್‌ಟೆನ್ಶನ್) ಬ್ರೌಸರಿಗೆ ಹಾಕಿದರೆ ‘ಡೌನ್‌ಲೋಡ್’ ಎಂದು ಬರೆದ ಸುಳ್ಳು ಗುಂಡಿಗಳೂ ಬಹುಪಾಲು ಮಾಯವಾಗುತ್ತವೆ.

ಇನ್ನು ಯಂತ್ರವಲ್ಲದೆ ಮನುಷ್ಯರು ಕೇಳುವ ಪ್ರಶ್ನೆಗಳು. ಪೊಲೀಸರೆಂದೋ ಸಿಬಿಐ ಎಂದೋ ವಿಡಿಯೋ ಕರೆ ಮಾಡಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುವುದು, ಬ್ಯಾಂಕಿನವರೆಂದು ಹೇಳಿ ಎನಿಡೆಸ್ಕ್‌ನಂಥ ತಂತ್ರಾಂಶ ಹಾಕಿಸಿ ಪರದೆಯನ್ನು ತಮ್ಮ ಹಿಡಿತಕ್ಕೆ ತೆಗೆದುಕೊಳ್ಳುವುದು ಈಗ ಎಲ್ಲರೂ ಕೇಳಿರುವ ವಂಚನೆಗಳು. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಕಾನೂನಿನಲ್ಲೇ ಇಲ್ಲ. ಎನಿಡೆಸ್ಕ್ ಮೂಲಕ ನಡೆಯುವ ವಂಚನೆಯ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಇಲ್ಲಿ ಮಕ್ಕಳು ಗಮನಿಸದ ಒಂದು ಸಂಗತಿ ಇದೆ. ದೂರದಿಂದ ಸಹಾಯ ಮಾಡಲು ನಾವು ಬಳಸುವ ವಿಧಾನವೂ ವಂಚಕರ ವಿಧಾನವೂ ನೋಡಲು ಒಂದೇ. ವಿಂಡೋಸ್‌ನ ಕ್ವಿಕ್ ಅಸಿಸ್ಟ್‌ನಲ್ಲಿ ಮಗ ಫೋನಿನಲ್ಲಿ ಹೇಳಿದ ಆರು ಅಕ್ಷರದ ಕೋಡನ್ನು ತಂದೆ ಟೈಪ್ ಮಾಡಿ, ಅನುಮತಿ ಕೊಡಬೇಕು. ಹತ್ತು ಸಲ ಹೀಗೆ ಮಾಡಿಸಿದರೆ, ಹನ್ನೊಂದನೆಯ ಸಲ ಅಪರಿಚಿತನೊಬ್ಬ ಕೋಡ್ ಹೇಳಿದಾಗಲೂ ಕೈ ತಾನಾಗಿಯೇ ಟೈಪ್ ಮಾಡುತ್ತದೆ. ಆದ್ದರಿಂದ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್‌ನಂಥದ್ದನ್ನು ಮಕ್ಕಳೇ ಮೊದಲೇ ಸ್ಥಾಪಿಸಿ, ಪಿನ್ ತಮ್ಮಲ್ಲೇ ಇಟ್ಟುಕೊಂಡು, ಹಿರಿಯರು ಏನನ್ನೂ ಒತ್ತಬೇಕಿಲ್ಲದಂತೆ ಮಾಡುವುದು ಮೇಲು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಇದು ಸಾಧ್ಯ. ಆಗ ಮನೆಯಲ್ಲಿ ಒಂದೇ ನಿಯಮ ಸಾಕಾಗುತ್ತದೆ: ಕೋಡ್ ಕೇಳುವವರು, ಕೋಡ್ ಹಾಕಿ ಎನ್ನುವವರು ಯಾರೇ ಆಗಿರಲಿ, ಫೋನ್ ಇಡಬೇಕು. ಕ್ರೋಮ್‌ಬುಕ್‌ನಲ್ಲಿ ಈ ಅನುಕೂಲವಿಲ್ಲ, ಅಲ್ಲಿ ಪ್ರತಿ ಸಲವೂ ಪರದೆಯಲ್ಲಿ ಬಂದ ಕೋಡನ್ನು ಅವರು ಓದಿ ಹೇಳಲೇಬೇಕು. ಹಣ ಹೋದದ್ದು ತಿಳಿದ ಕೂಡಲೇ ಕರೆ ಮಾಡಬೇಕಾದ ಸೈಬರ್ ವಂಚನೆಯ ಸಹಾಯವಾಣಿ 1930ರ ಸಂಖ್ಯೆಯನ್ನು ಮಾನಿಟರಿನ ಅಂಚಿಗೆ ದಪ್ಪ ಅಕ್ಷರದಲ್ಲಿ ಅಂಟಿಸಿಡುವುದಕ್ಕೆ ಸಂಕೋಚ ಬೇಡ.

ಪಾಸ್‌ವರ್ಡುಗಳನ್ನು ಪುಸ್ತಕದಲ್ಲಿ ಬರೆದಿಡಬಾರದೆಂದು ಕಚೇರಿಗಳಲ್ಲಿ ಹೇಳುತ್ತಾರೆ. ಹಿರಿಯರ ಮನೆಗೆ ಆ ನಿಯಮ ಹೊಂದುವುದಿಲ್ಲ. ಅವರ ಪಾಸ್‌ವರ್ಡಿಗೆ ಹೊಂಚು ಹಾಕುವವನು ಇಂಟರ್ನೆಟ್ಟಿನಾಚೆ ಇದ್ದಾನೆಯೇ ಹೊರತು ಬೀರುವಿನ ಹತ್ತಿರವಲ್ಲ. ಒಂದೇ ಪಾಸ್‌ವರ್ಡನ್ನು ಎಲ್ಲ ಕಡೆ ಬಳಸುವುದಕ್ಕಿಂತ ಬೇರೆ ಬೇರೆಯವನ್ನು ನೋಟುಬುಕ್ಕಿನಲ್ಲಿ ಬರೆದು ಬೀರುವಿನಲ್ಲಿಡುವುದು ಎಷ್ಟೋ ಸುರಕ್ಷಿತ. ಬ್ಯಾಂಕಿನ ಪಿನ್ ಮಾತ್ರ ಅದರಲ್ಲಿ ಬೇಡ. ಖಾತೆ ಮರಳಿ ಪಡೆಯಲು ಕೊಡುವ ಫೋನ್ ಸಂಖ್ಯೆ ಅವರದ್ದೇ ಆಗಿರಲಿ, ಎರಡನೆಯದಾಗಿ ಮಕ್ಕಳದ್ದು ಇರಲಿ.

ಹಳೆಯ ಕಂಪ್ಯೂಟರ್ ಇದ್ದ ಮನೆಯಾದರೆ ಹೊಸದು ಬಂದ ದಿನವೇ ಅದನ್ನು ವಿಲೇವಾರಿ ಮಾಡಬಾರದು. ಫೋಟೋಗಳ ನಕಲು ಸುಲಭ. ತೊಂದರೆ ಇರುವುದು ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಆವೃತ್ತಿಗಳಲ್ಲಿ ಬರೆದ ಕಡತಗಳದ್ದು. ಅವುಗಳಲ್ಲಿ ಹೆಚ್ಚಿನವು ಈಗ ಎಲ್ಲ ಯಂತ್ರಗಳೂ ಓದಬಲ್ಲ ಯೂನಿಕೋಡ್ ಎಂಬ ಅಕ್ಷರಸಂಕೇತದಲ್ಲಿಲ್ಲ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅಪ್ಪ ಹತ್ತು ವರ್ಷ ಕೂಡಿಸಿದ ಊರಿನ ಇತಿಹಾಸವೋ ವಂಶಾವಳಿಯೋ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಆದರೆ ಅವು ಕಡತದ ನಡುವೆ ಇರುವ ಇಂಗ್ಲಿಷ್ ಪದಗಳನ್ನೂ ಕನ್ನಡವೆಂದೇ ತಿಳಿದು ಕೆಡಿಸುತ್ತವೆ, ಅರ್ಕಾವೊತ್ತು ಇರುವಲ್ಲಿ ಕೆಲವೊಮ್ಮೆ ತಪ್ಪುತ್ತವೆ. ಹಾಗಾಗಿ ಪ್ರತಿ ಕಡತವನ್ನೂ ಬದಲಿಸುವ ಮೊದಲು ಹಳೆಯ ಯಂತ್ರದಲ್ಲೇ ಅದರ ಪಿಡಿಎಫ್ ಪ್ರತಿಯೊಂದನ್ನು ತೆಗೆದಿಟ್ಟುಕೊಂಡು, ಬದಲಿಸಿದ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ಬರೆದವರಿಂದಲೇ ಓದಿಸಿ, ತಿದ್ದಿಸಿ, ಮೂಲವನ್ನು ಪೆನ್ ಡ್ರೈವ್ ಒಂದಕ್ಕೆ ತುಂಬಿಸಿದ ನಂತರವಷ್ಟೇ ಹಳೆಯ ಡಿಸ್ಕನ್ನು ಅಳಿಸಬೇಕು.